ಈ ವರ್ಷದ ಮೊದಲ ಬಟಾಣಿ

ಬಟಾಣಿಯನ್ನು ಇಲಿಗಳು ತಿಂದುಬಿಟ್ಟವು ಎಂದು ಗಂಡ ರೆಜಿಸ್ ಹೇಳಿದಾಗ ರೋಸ್‌ಲೀನ್ ನಂಬಿದಳು. ನಂಬದಿರಲು ಕಾರಣವಿರಲಿಲ್ಲ. ಅವನು ಖಾಲಿ ಬುಟ್ಟಿಯನ್ನು ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟು, ಟೋಪಿ ತೆಗೆದು, ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ. ಮೊದಲ ಸಾಲು ಪೂರ್ತಿ ಹೋಯಿತು, ಎರಡನೆಯದರ ಮೇಲೂ ಆಸೆ ಇಟ್ಟುಕೊಳ್ಳಬೇಡ ಎಂದ. ಅವಳೇ ಅವನಿಗೆ ಸಮಾಧಾನ ಹೇಳಿದಳು. ಹೋದರೆ ಹೋಗಲಿ, ಹಿಂದೆಯೇ ಬೀನ್ಸ್ ಬರುತ್ತದಲ್ಲ ಎಂದಳು. ಅವನ ಮುಖ ನೋಡಿ, ಒಂದು ಲೋಟ ವೈನ್ ಕೂಡ ಸುರಿದುಕೊಟ್ಟಳು.

ಶಾಂತ್ರೆಲ್ ಊರಿನಲ್ಲಿ ಮೊದಲ ಬಟಾಣಿ ಅಂದರೆ ಸುಮ್ಮನೆ ಅಲ್ಲ. ಮೇ ತಿಂಗಳ ಕೊನೆಗೆ ಬ್ರೆಡ್ಡಿನ ಅಂಗಡಿಯಲ್ಲಿ ಹೆಂಗಸರು ಕೇಳುವುದೇ ಅದನ್ನು: ನಿಮ್ಮಲ್ಲಿ ಶುರುವಾಯಿತೇ? ಶುರುವಾಗಿದ್ದರೆ ಆ ಮನೆಯ ಗಂಡಸು ಚುರುಕು, ಹೆಂಗಸು ಅದೃಷ್ಟವಂತೆ. ಆ ವಾರ ರೋಸ್‌ಲೀನ್ ಮೂರು ಸಲ ಇಲಿಯ ಕತೆ ಹೇಳಬೇಕಾಯಿತು. ಅಂಗಡಿಯವಳು ಬ್ರೆಡ್ಡಿಗೆ ಕಾಗದ ಸುತ್ತುತ್ತಾ, ಇಷ್ಟು ಬೆಳೆದ ಗಿಡವನ್ನು ತಿನ್ನುವ ಇಲಿ ತಾನಂತೂ ಕೇಳಿಲ್ಲ, ಬಿತ್ತಿದ ಬೀಜವನ್ನಾದರೆ ತಿನ್ನುತ್ತದೆ ಎಂದಳು. ಒಂದು ಬೆಕ್ಕು ಸಾಕಿಕೊಳ್ಳಿ ಎಂದೂ ಸೇರಿಸಿದಳು. ರೋಸ್‌ಲೀನ್ ನಕ್ಕು ಚಿಲ್ಲರೆ ಎಣಿಸದೆ ಚೀಲಕ್ಕೆ ಹಾಕಿಕೊಂಡು ಬಂದಳು.

ರೆಜಿಸ್ ರೈಲು ಹಳಿಯ ದುರಸ್ತಿ ಗ್ಯಾಂಗಿನಲ್ಲಿದ್ದವನು. ನಿವೃತ್ತನಾದ ಮೇಲೆ ಇಡೀ ದಿನ ತೋಟದಲ್ಲೇ. ತೋಟ ಅವನದು, ಅಡುಗೆಮನೆ ಅವಳದು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವನು ಬುಟ್ಟಿಯನ್ನು ಹೊಸ್ತಿಲಲ್ಲಿ ಇಡುತ್ತಿದ್ದ, ಅವಳು ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಬುಟ್ಟಿಯಲ್ಲಿ ಏನಿದೆ ಎಂದು ನೋಡಿದ ಮೇಲೆಯೇ ಆ ದಿನದ ಅಡುಗೆ ಏನೆಂದು ತೀರ್ಮಾನ. ಮೂಲಂಗಿ ಬಂದರೆ ಮೂಲಂಗಿ, ಅದರ ಜೊತೆ ಬೆಣ್ಣೆ ಮತ್ತು ಕಲ್ಲುಪ್ಪು. ಹುಳಿಸೊಪ್ಪು ಬಂದರೆ ಆಮ್ಲೆಟ್. ಎಳೆ ಆಲೂಗಡ್ಡೆ ಬಂದರೆ ಸಿಪ್ಪೆ ಸಮೇತ ಬೆಣ್ಣೆಯಲ್ಲಿ ಹೊರಳಿಸಿ, ಮೇಲೊಂದಿಷ್ಟು ಪಾರ್ಸ್ಲಿ ಸೊಪ್ಪು. ಅವಳ ಅಡುಗೆಯಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಬೆಳಿಗ್ಗೆ ಮಣ್ಣಿನಲ್ಲಿದ್ದದ್ದು ಮಧ್ಯಾಹ್ನ ತಟ್ಟೆಯಲ್ಲಿರಬೇಕು, ಅದರ ರುಚಿಯನ್ನು ಕೆಡಿಸಬಾರದು. ಇಷ್ಟೇ. ಆದರೆ ಇಷ್ಟನ್ನು ದಿನವೂ ಕೆಡಿಸದೆ ಮಾಡುವುದು ಎಲ್ಲರ ಕೈಯಲ್ಲೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು.

ಮಗಳು ದೂರದ ನಾಂತ್ ನಗರದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಗೊರಕೆಯ ನೆಪದಲ್ಲಿ ಗಂಡ ಹೆಂಡತಿಯ ಕೋಣೆಗಳು ಬೇರೆಯಾಗಿ ಬಹಳ ಕಾಲವಾಗಿತ್ತು. ಮಾತು ಮೊದಲಿನಿಂದಲೂ ಕಡಿಮೆ. ಮದುವೆಯಲ್ಲಿ ಉಳಿದದ್ದು ಮಧ್ಯಾಹ್ನದ ಮೇಜು ಒಂದೇ. ಇಗರ್ಜಿಯ ಗಂಟೆ ಹನ್ನೆರಡು ಹೊಡೆಯುವಾಗ ಅವನು ಕೈ ತೊಳೆದು ಕೂರುತ್ತಿದ್ದ, ಅವಳು ಬಡಿಸುತ್ತಿದ್ದಳು. ಚೆನ್ನಾಗಿದೆ ಎಂದು ಅವನು ಒಂದು ದಿನವೂ ಹೇಳಿದವನಲ್ಲ. ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಒರೆಸಿ ಒರೆಸಿ ತೊಳೆದಿಟ್ಟ ಹಾಗೆ ಮಾಡುತ್ತಿದ್ದ. ಅದೇ ಹೊಗಳಿಕೆ. ಅದು ಅವಳಿಗೆ ಸಾಕಾಗಿತ್ತು. ಆ ಮೇಜೂ ಹೋದರೆ ತಾನು ಈ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಎಂದು ಅವಳು ಒಂದೊಂದು ಸಲ ಯೋಚಿಸುತ್ತಿದ್ದಳು.

ಈ ಚಳಿಗಾಲದಿಂದ ತಟ್ಟೆ ಒರೆಸದೆ ಹಿಂದಕ್ಕೆ ಬರತೊಡಗಿತ್ತು. ದಿನವೂ ಅಲ್ಲ, ಕೆಲವು ದಿನ. ಕಾಲುವೆಗೆ ಮೀನು ಹಿಡಿಯಲು ಹೋಗಿ ಬಂದ ದಿನ ಅವನು ಅರ್ಧ ತಿಂದು, ಹಸಿವಿಲ್ಲ ಎಂದು ಎದ್ದುಬಿಡುತ್ತಿದ್ದ. ಮೀನೂ ತರುತ್ತಿರಲಿಲ್ಲ. ಅವನ ಅಪ್ಪ ಹೊಟ್ಟೆಯ ಕಾಯಿಲೆಯಲ್ಲಿ ಸತ್ತವನು. ಅದೂ ಹೀಗೆ, ಊಟ ಬಿಡುವುದರಿಂದಲೇ ಶುರುವಾದದ್ದು. ರೋಸ್‌ಲೀನ್ ಬೆಣ್ಣೆ ಕಡಿಮೆ ಮಾಡಿದಳು. ಸಾಸಿವೆ ಹಚ್ಚಿದ ಮೊಲದ ಮಾಂಸ ನಿಲ್ಲಿಸಿದಳು. ಈರುಳ್ಳಿ ಜಾತಿಯ ಲೀಕ್ ಸೊಪ್ಪಿನ ತಿಳಿ ಸಾರು ಮಾಡಿದಳು. ಡಾಕ್ಟರ ಹತ್ತಿರ ಹೋಗಲು ಹೇಳಿದರೆ ಅವನು ಸಿಡುಕಿದ. ರಾತ್ರಿ ಗೋಡೆಯಾಚೆ ಅವನು ಕೆಮ್ಮಿದರೂ ಅವಳು ಎದ್ದು ಕೂರುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವಳ ಚಿಕ್ಕಪ್ಪನ ಮಗಳು ಆರ್ಲೆಟ್ ಬಂದಳು. ಆರ್ಲೆಟ್ ಹೊಲಿಗೆ ಕೆಲಸದವಳು, ಸುತ್ತಲ ಹಳ್ಳಿಗಳ ಪರದೆ, ಲಂಗ, ಪ್ಯಾಂಟುಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಜೊತೆಗೆ ಆ ಮನೆಗಳ ಸುದ್ದಿಯೂ. ಕಾಲುವೆಯ ತೂಬಿನ ಪಕ್ಕದ ಹಳೆಯ ಕಾವಲು ಮನೆಯನ್ನು ಪ್ಯಾರಿಸ್ ಕಡೆಯ ವಿಧವೆಯೊಬ್ಬಳು ಕೊಂಡು ಎರಡು ವರ್ಷವಾಗಿತ್ತು, ಹೆಸರು ಎಡ್ವೀಜ್. ಅವಳ ಕಿಟಕಿಗಳಿಗೆ ಪರದೆ ಹೊಲಿದವಳು ಆರ್ಲೆಟ್. ಶನಿವಾರ ಊಟಕ್ಕೆ ಕರೆದಿದ್ದಾಳೆ, ಈ ಕಡೆಯ ಹೆಂಗಸರ ಪರಿಚಯ ಬೇಕಂತೆ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬಾ ಎಂದಿದ್ದಾಳೆ ಎಂದಳು.

ರೋಸ್‌ಲೀನ್ ಹಿಂದೆಮುಂದೆ ನೋಡಿದಳು. ರೆಜಿಸ್‌ನ ಊಟ ಏನಾಗಬೇಕು?

"ಒಂದು ದಿನ ತಣ್ಣಗಿರೋದು ತಿಂದ್ರೆ ಸಾಯಲ್ಲ ಕಣೇ," ಎಂದಳು ಆರ್ಲೆಟ್. "ನೀನು ಹೀಗೇ ಒಲೆ ಮುಂದೆ ನಿಂತಿರು, ಒಂದಿನ ನಿನ್ನನ್ನೂ ಸೌಟಿನ ಜೊತೆ ಮೊಳೆಗೆ ನೇತು ಹಾಕ್ತಾರೆ."

ಶನಿವಾರ ಬೆಳಿಗ್ಗೆ ರೋಸ್‌ಲೀನ್ ಸಾರು ಮಾಡಿಟ್ಟು, ಬ್ರೆಡ್ಡು ಹೆಚ್ಚಿ, ಮೇಲೆ ಬಟ್ಟೆ ಮುಚ್ಚಿ, ಆರ್ಲೆಟ್ ಜೊತೆ ಹೋಗುತ್ತಿದ್ದೇನೆ ಎಂದು ತೋಟದ ಕಡೆ ಕೂಗಿ ಹೇಳಿದಳು. ರೆಜಿಸ್ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ. ಬಗ್ಗಿದಲ್ಲಿಂದಲೇ ಕೈ ಎತ್ತಿದ. ಎಲ್ಲಿಗೆ ಎಂದು ಕೇಳಲಿಲ್ಲ. ಅವನು ಯಾವತ್ತೂ ಕೇಳಿದವನಲ್ಲ. ಅಂದು ಕೇಳಿದ್ದರೆ ಈ ಕತೆ ಬೇರೆ ಥರ ಆಗುತ್ತಿತ್ತೋ ಏನೋ.

ಎಡ್ವೀಜ್‌ಳ ಮನೆ ಚಿಕ್ಕದು. ಊಟದ ಮೇಜು ಅಡುಗೆಮನೆಯಲ್ಲೇ. ತೂಬಿನಾಚೆ ಹಸು ಸಾಕುವವಳು ಗಿಲೆನ್ ಆಗಲೇ ಬಂದು ಕೂತಿದ್ದಳು. ಎಡ್ವೀಜ್ ಎತ್ತರದ, ನರೆಗೂದಲಿಗೆ ಬಣ್ಣ ಹಚ್ಚದ ಹೆಂಗಸು. ಮಾತಿನಲ್ಲಿ ಒನಪು ಇರಲಿಲ್ಲ. ರೋಸ್‌ಲೀನ್‌ಳ ಕೋಟನ್ನು ತಾನೇ ತೆಗೆದು ನೇತುಹಾಕಿ, ನೀವು ಬಂದದ್ದು ಬಹಳ ಸಂತೋಷ ಎಂದಳು. ಆರ್ಲೆಟ್ ಪರಿಚಯ ಮಾಡಿಕೊಡುವಾಗ ಹೇಳಿದ್ದು ಹೆಸರು ಮಾತ್ರ, ನನ್ನಕ್ಕ ರೋಸ್‌ಲೀನ್ ಅಂತ. ಯಾರ ಹೆಂಡತಿ, ಯಾವ ಮನೆ, ಅದೆಲ್ಲ ಬರಲಿಲ್ಲ. ಹೆಂಗಸರ ಊಟದಲ್ಲಿ ಅದು ಯಾರಿಗೆ ಬೇಕು?

ಮೊದಲು ಮೂಲಂಗಿ ಬಂತು, ಬೆಣ್ಣೆಯ ಜೊತೆ. ಮೂಲಂಗಿ ಚೆನ್ನಾಗಿತ್ತು, ಗರಿಗರಿಯಾಗಿ, ಒಳಗೆ ಬೆಂಡಾಗದೆ. ರೋಸ್‌ಲೀನ್ ಹಾಗೆಂದಳು ಕೂಡ. ಎಡ್ವೀಜ್ ಖುಷಿಪಟ್ಟು ಎದ್ದು, ಒಲೆಯ ಮೇಲಿದ್ದ ಕಬ್ಬಿಣದ ಪಾತ್ರೆಯನ್ನು ತಂದು ಮೇಜಿನ ನಡುವೆ ಇಟ್ಟಳು. ಪಾತ್ರೆಗೆ ಮುಚ್ಚಳದ ಬದಲು ಸೂಪಿನ ತಟ್ಟೆ, ಅದರ ಗುಂಡಿಯಲ್ಲಿ ತಣ್ಣೀರು. ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಒಳಗಿನ ಹಬೆ ತಟ್ಟೆಯ ತಂಪಿಗೆ ನೀರಾಗಿ ಮತ್ತೆ ಒಳಗೇ ಇಳಿಯಲಿ ಎಂದು ಹಳೆಯ ಕಾಲದವರೆಲ್ಲ ಹೀಗೆಯೇ ಮಾಡುತ್ತಿದ್ದರು. ಎಡ್ವೀಜ್ ತಟ್ಟೆ ಎತ್ತಿದಳು. ಬಟಾಣಿಯ, ಬೆಣ್ಣೆಯ, ಎಳೆ ಈರುಳ್ಳಿಯ ವಾಸನೆ ಮುಖಕ್ಕೆ ಬಡಿಯಿತು.

ಬಟಾಣಿಯ ನಡುವೆ ಒಂದು ಇಡೀ ಲೆಟ್ಯೂಸ್ ಕೂತಿತ್ತು, ಬಿಳಿ ದಾರದಲ್ಲಿ ಕಟ್ಟಿಸಿಕೊಂಡು.

ಈ ಪಲ್ಯಕ್ಕೆ ಲೆಟ್ಯೂಸ್ ಸೊಪ್ಪು ಹಾಕುವುದು ದೇಶಕ್ಕೆಲ್ಲ ಗೊತ್ತು. ಆದರೆ ಎಲ್ಲರೂ ಅದನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ರೋಸ್‌ಲೀನ್‌ಳ ಮಗಳು ಚಿಕ್ಕವಳಿದ್ದಾಗ ಆ ಹಸಿರು ಎಳೆಗಳನ್ನು ಕಂಡರೆ ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೆಂದು ರೋಸ್‌ಲೀನ್ ಸೊಪ್ಪನ್ನು ಇಡಿಯಾಗಿ ದಾರದಲ್ಲಿ ಕಟ್ಟಿ ಹಾಕಿ, ರಸ ಬಿಟ್ಟ ಮೇಲೆ ಎತ್ತಿ ತೆಗೆಯುವ ಉಪಾಯ ಮಾಡಿದ್ದಳು. ಆಮೇಲೆ, ಬಿಡಿಸಿದ ಸಿಪ್ಪೆಗಳನ್ನು ಎಸೆಯುವಾಗ ಅದರಲ್ಲೂ ಸಿಹಿ ಇದೆಯಲ್ಲ ಅನ್ನಿಸಿ, ನಾಲ್ಕಾರು ಎಳೆಯ ಸಿಪ್ಪೆಗಳನ್ನು ಆರಿಸಿ ಸೊಪ್ಪಿನ ಸುಳಿಯೊಳಗೆ ತುರುಕಿ ಕಟ್ಟತೊಡಗಿದಳು. ಯಾರಿಗೂ ಹೇಳಿಕೊಟ್ಟಿರಲಿಲ್ಲ. ಗುಟ್ಟೆಂದು ಅಲ್ಲ, ಯಾರೂ ಕೇಳಿರಲಿಲ್ಲ. ಅವಳು ಅದನ್ನು ಕಟ್ಟುವಾಗ ಆ ಅಡುಗೆಮನೆಯಲ್ಲಿ ಇರುತ್ತಿದ್ದ ಇನ್ನೊಬ್ಬ ಮನುಷ್ಯ ಒಬ್ಬನೇ, ಮೇಜಿನ ಮುಂದೆ ಪೇಪರು ಓದುತ್ತಾ.

ಎಡ್ವೀಜ್ ಕತ್ತರಿಯಿಂದ ದಾರ ಕತ್ತರಿಸಿದಳು. ಸೊಪ್ಪು ಬಿಚ್ಚಿಕೊಂಡಿತು. ಒಳಗಿನಿಂದ ಸಿಪ್ಪೆಗಳು ಬಿದ್ದವು.

ದಾರದ ಗಂಟನ್ನು ರೋಸ್‌ಲೀನ್ ನೋಡಿದಳು. ಅವಳು ಹಾಕುವ ಗಂಟಲ್ಲ ಅದು. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು, ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟುವ ಗಂಟು. ಕಲಿಸಿದವನು ಹೇಗೆ ಕಟ್ಟಿದ್ದನೋ ಕಲಿತವಳೂ ಹಾಗೆಯೇ ಕಟ್ಟಿದ್ದಳು.

ರೋಸ್‌ಲೀನ್‌ಳ ತಟ್ಟೆಗೆ ಮೊದಲು ಬಡಿಸಿದರು. ಒಂದು ಚಮಚ ಬಾಯಿಗಿಟ್ಟಳು. ತನ್ನದೇ ಅಡುಗೆಯನ್ನು ಬೇರೆಯವರ ಮನೆಯಲ್ಲಿ ಕೂತು ತಿನ್ನುವುದು ಹೇಗಿರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಉಪ್ಪು ಕೂಡ ಅಷ್ಟೇ ಇತ್ತು.

ಗಿಲೆನ್ ಹೊಗಳಿದಳು. ಪ್ಯಾರಿಸ್ಸಿನವರಿಗೆ ಬಟಾಣಿ ಬೇಯಿಸಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಎಂದು ಚುಡಾಯಿಸಿದಳು. ಎಡ್ವೀಜ್ ನಕ್ಕು ಕೈ ಅಲ್ಲಾಡಿಸಿದಳು.

"ನಂದೇನಿಲ್ಲ ಕಣ್ರೀ. ಎಲ್ಲಾ ರೆಜಿಸ್ ಅವರು ಹೇಳ್ಕೊಟ್ಟಿದ್ದು. ಬಟಾಣೀನೂ ಅವರ ತೋಟದ್ದೇ. ಅವರು ಬರೋಕೆ ಮುಂಚೆ ನಾನು ಇದನ್ನ ನೀರಲ್ಲಿ ಕುದಿಸಿ, ನೀರು ಚೆಲ್ಲಿ, ತಿಂತಿದ್ದೆ. ನೋಡಿದ್ದೇ ಅವರು ಸೌಟು ನನ್ನ ಕೈಯಿಂದ ಕಿತ್ಕೊಂಡ್ರು."

"ಅಡುಗೆ ಮಾಡೋ ಗಂಡಸು ಈ ಕಡೆ ಇದ್ದಾನಾ?" ಎಂದಳು ಗಿಲೆನ್. "ನಮ್ಮನೆಯವನಿಗೆ ಮೊಟ್ಟೆ ಬೇಯ್ಸೋಕೆ ಹೇಳಿದ್ರೆ ಕೋಳೀನ ಕೇಳ್ತಾನೆ."

"ಪಾಪ, ಕಲೀದೆ ಇನ್ನೇನ್ ಮಾಡ್ತಾರೆ? ಹೆಂಡ್ತಿ ಒಲೆ ಹಚ್ಚೋದೇ ಇಲ್ವಂತೆ. ಬರೀ ಅಂಗಡೀಲಿ ಸಿಗೋ ತಗಡಿನ ಡಬ್ಬಿ ಊಟ. ಡಬ್ಬಿ ತೆರೆಯೋದು, ಬಿಸಿ ಮಾಡೋದು, ಮುಂದೆ ಇಡೋದು. ತೋಟದಲ್ಲಿ ಇಷ್ಟೊಂದು ಬೆಳೆದೂ ಆ ಮನುಷ್ಯ ಮನೇಲಿ ತಿನ್ನೋದು ಡಬ್ಬಿ ಬಟಾಣಿ."

ಆರ್ಲೆಟ್‌ಳ ಚಮಚ ತಟ್ಟೆಗೆ ತಾಗಿ ಸದ್ದಾಯಿತು. ಅವಳು ಬಾಯಿ ತೆರೆಯುವುದರೊಳಗೆ ರೋಸ್‌ಲೀನ್ ಮೇಜಿನ ಕೆಳಗೆ ಅವಳ ಪಾದದ ಮೇಲೆ ಪಾದ ಇಟ್ಟು ಒತ್ತಿದಳು. ನೋಯುವಷ್ಟು ಒತ್ತಿದಳು.

"ಅವರು ಎಲ್ಲಿ ಕಲಿತ್ರಂತೆ?" ಎಂದು ಕೇಳಿದಳು. ದನಿ ಸರಿಯಾಗಿಯೇ ಬಂತು.

"ಅವರಮ್ಮನ ಹತ್ರ. ಅಮ್ಮ ಅಂದ್ರೆ ಅವರಿಗೆ ಪ್ರಾಣ. ಈ ದಾರ ಕಟ್ಟೋದು, ಸಿಪ್ಪೆ ಒಳಗಿಡೋದು, ಎಲ್ಲಾ ಅಮ್ಮನದೇ ಅಂತೆ."

ರೆಜಿಸ್‌ನ ಅಮ್ಮ ಮೊಲವನ್ನು ಬೂದಿಬಣ್ಣಕ್ಕೆ ಬರುವವರೆಗೆ ಕುದಿಸುತ್ತಿದ್ದವಳು. ಅವಳ ಸೂಪನ್ನು ನಾಯಿ ಮೂಸಿ ಬಿಟ್ಟದ್ದನ್ನು ರೋಸ್‌ಲೀನ್ ಕಣ್ಣಾರೆ ಕಂಡಿದ್ದಳು. ಮದುವೆಯಾದ ಹೊಸದರಲ್ಲಿ ರೆಜಿಸ್ ತಾನಾಗಿಯೇ ಹೇಳಿದ್ದ, ನಮ್ಮಮ್ಮನ ಊಟದಿಂದ ತಪ್ಪಿಸಿಕೊಳ್ಳೋಕೆ ನಿನ್ನ ಕಟ್ಟಿಕೊಂಡೆ ಎಂದು. ತಮಾಷೆಗೆ ಹೇಳಿದ್ದ. ಅವಳು ಆಗ ನಕ್ಕಿದ್ದಳು.

ಊಟ ಮುಂದುವರಿಯಿತು. ಗಿಲೆನ್ ಆ ಹೆಂಡತಿಯ ಬಗ್ಗೆ ಇನ್ನಷ್ಟು ಕೇಳಿದಳು, ಎಡ್ವೀಜ್ ತನಗೆ ಗೊತ್ತಿದ್ದಷ್ಟು ಹೇಳಿದಳು. ದಪ್ಪಗಿದ್ದಾಳಂತೆ, ಇಡೀ ದಿನ ಟೀವಿ ಮುಂದೆ ಇರುತ್ತಾಳಂತೆ, ಈರುಳ್ಳಿ ಯಾವುದು ಬೆಳ್ಳುಳ್ಳಿ ಯಾವುದು ಎಂದು ವ್ಯತ್ಯಾಸ ತಿಳಿಯದಂತೆ. ಎಡ್ವೀಜ್ ಇದನ್ನು ಕೊಂಕಿಗೆ ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿ ಮರುಕವಿತ್ತು, ಒಬ್ಬ ಒಳ್ಳೆಯ ಮನುಷ್ಯನಿಗೆ ಹೀಗಾಗಿದೆಯಲ್ಲ ಎಂದು. ಅದಕ್ಕೇ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂಡ ರೋಸ್‌ಲೀನ್‌ಗೆ ಆಗಲಿಲ್ಲ. ಕೇಳುತ್ತ ಕೇಳುತ್ತ ಅವಳು ತಟ್ಟೆಯನ್ನು ಖಾಲಿ ಮಾಡಿದಳು. ಆಮೇಲೆ ಬ್ರೆಡ್ಡು ಮುರಿದು ತಟ್ಟೆಯನ್ನು ಒರೆಸಿದಳು, ಪೂರ್ತಿ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಕೈ ತನ್ನ ಪಾಡಿಗೆ ತಾನು ಮಾಡಿತು. ಎಡ್ವೀಜ್ ಅದನ್ನು ನೋಡಿ ಸಂತೋಷಪಟ್ಟು ಇನ್ನೊಂದು ಚಮಚ ಹಾಕಿದಳು. ಅದನ್ನೂ ತಿಂದಳು.

ಹೊರಡುವಾಗ ಎಡ್ವೀಜ್ ಒಂದು ಕಾಗದದ ಚೀಲ ತುಂಬ ಬಟಾಣಿ ಕಾಯಿ ಹಿಡಿದು ತಂದಳು. ಅವರು ಎಷ್ಟು ತರುತ್ತಾರೆಂದರೆ ತನ್ನ ಒಬ್ಬಳ ಕೈಲಿ ಮುಗಿಯುವುದಿಲ್ಲ, ನಿನ್ನೆಯಷ್ಟೇ ಕೊಯ್ದದ್ದು, ತಗೊಳ್ಳಿ ಎಂದಳು. ಕೊಟ್ಟದ್ದನ್ನು ಬೇಡ ಎನ್ನುವುದು ಆ ಕಡೆ ಮರ್ಯಾದೆಯಲ್ಲ. ರೋಸ್‌ಲೀನ್ ಥ್ಯಾಂಕ್ಸ್ ಹೇಳಿ ತೆಗೆದುಕೊಂಡಳು.

ಕಾರು ಮೊದಲ ತಿರುವು ದಾಟಿತು. ಆರ್ಲೆಟ್‌ಗೆ ತಡೆಯಲಾಗಲಿಲ್ಲ.

"ನನ್ನ ಕಾಲು ಮುರಿಯೋ ಬದಲು ನೀನು ಬಾಯಿ ಬಿಡಬಹುದಿತ್ತು."

"ಬಿಟ್ಟು ಏನ್ ಹೇಳ್ಬೇಕಿತ್ತು? ಎದ್ದು ನಿಂತು, ಆ ಡಬ್ಬಿ ನಾನೇ ಅಂತಾ?"

"ಹೂಂ. ಹಾಗೇ ಹೇಳ್ಬೇಕಿತ್ತು."

"ಅವಳು ನಂಬ್ತಿದ್ಳು ಅಂತೀಯಾ? ನಾನು ದಪ್ಪಗಿರೋದು ನಿಜ ತಾನೇ."

ಆರ್ಲೆಟ್‌ಗೆ ನಗು ಬಂತು, ನಗಬಾರದೆಂದು ಗೊತ್ತಿದ್ದರಿಂದ ಸ್ಟೀರಿಂಗಿಗೆ ಮುಖ ಬಗ್ಗಿಸಿದಳು. ರೋಸ್‌ಲೀನ್ ನಗಲಿಲ್ಲ. ಅವಳು ಮಡಿಲಲ್ಲಿದ್ದ ಚೀಲದೊಳಗೆ ಕೈ ಹಾಕಿ ಒಂದು ಕಾಯಿ ಬಿಡಿಸಿ ನೋಡಿದಳು. ಕಾಳು ಸಣ್ಣಗೆ, ಒಂದೇ ಸಮ. ಯಾವ ಇಲಿಯ ಹಲ್ಲೂ ಮುಟ್ಟಿರಲಿಲ್ಲ.

ಯಾರ ಹತ್ತಿರವೂ ಹೇಳಬೇಡ ಎಂದು ಅವಳು ಆರ್ಲೆಟ್‌ಗೆ ಹೇಳಿದಳು. ಆರ್ಲೆಟ್ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಭಾನುವಾರ ಪೂಜೆ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆ ಮುಟ್ಟುವವರೆಗಿನ ದಾರಿಯಲ್ಲಿ ರೋಸ್‌ಲೀನ್ ಲೆಕ್ಕ ಹಾಕಿದಳು. ಅವನು ಆ ಹೆಂಗಸಿನ ಜೊತೆ ಮಲಗಿದ್ದರೆ ಏನು ಮಾಡಬೇಕೆಂದು ತಿಳಿದಿರುತ್ತಿತ್ತು. ಅದಕ್ಕೆ ಊರಿನಲ್ಲಿ ದಾರಿಗಳಿವೆ. ಗಿರಣಿ ಬೀದಿಯ ಒಬ್ಬಳು ಗಂಡನ ಬಟ್ಟೆಯನ್ನೆಲ್ಲ ಕಿಟಕಿಯಿಂದ ಎಸೆದಿದ್ದಳು. ಇನ್ನೊಬ್ಬಳು ಅಕ್ಕನ ಮನೆಗೆ ಹೋಗಿ ಮೂರು ವಾರ ಇದ್ದು ಬಂದಳು, ಆಮೇಲೆ ಎಲ್ಲ ಸರಿಹೋಯಿತು. ಆದರೆ ಇದಕ್ಕೆ ಏನು? ನನ್ನ ಗಂಡ ಬೇರೆಯವಳ ಮನೆಯಲ್ಲಿ ಬಟಾಣಿ ಬೇಯಿಸಿದ ಎಂದು ಯಾರ ಹತ್ತಿರ ಅಳುವುದು? ಕೇಳಿದವರು ನಗುತ್ತಾರೆ. ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಅವಳು ಕೇಳಿದ್ದಳು. ಇವನು ಎಣಿಸಿದ್ದು ಮಾತ್ರವಲ್ಲ, ಜಂತೆ ಕಿತ್ತುಕೊಂಡು ಹೋಗಿ ಇನ್ನೊಂದು ಮನೆಗೆ ಸೂರು ಕಟ್ಟಿದ್ದ. ಮೇಲೆ, ನನ್ನ ಮನೆಗೆ ಸೂರೇ ಇಲ್ಲ ಎಂದು ಹೇಳಿಕೊಂಡಿದ್ದ.

ರೆಜಿಸ್ ಅಡುಗೆಮನೆಯ ಮೇಜಿನ ಮುಂದೆ ಪೇಪರು ಓದುತ್ತಿದ್ದ. ಸಾರು ಮುಟ್ಟಿರಲಿಲ್ಲ. ಅವಳು ಅವನ ಎದುರು ಕಾಗದದ ಚೀಲವನ್ನು ಮಗುಚಿದಳು. ಕಾಯಿಗಳು ಪೇಪರಿನ ಮೇಲೆ ಹರಡಿದವು, ಒಂದೆರಡು ನೆಲಕ್ಕೆ ಬಿದ್ದವು.

ಅವನು ಕಾಯಿಗಳನ್ನು ನೋಡಿದ. ಬೆಳೆದವನಿಗೆ ತನ್ನ ಬೆಳೆ ಗೊತ್ತಾಗದೆ ಇರುತ್ತದೆಯೇ?

"ಊಟ ಅಲ್ಲೇ ಆಯ್ತು," ಎಂದಳು. "ತೂಬಿನ ಮನೇಲಿ. ದಾರ ಕಟ್ಟಿದ್ದು ಚೆನ್ನಾಗಿತ್ತು."

ನೆಲಕ್ಕೆ ಬಿದ್ದ ಕಾಯಿಗಳನ್ನು ಅವನು ಬಗ್ಗಿ ಎತ್ತಿಟ್ಟ. ಆಮೇಲೆ ಹೇಳಿದ್ದು, ನಡೆಯಬಾರದ್ದು ಏನೂ ನಡೆದಿಲ್ಲ ಎಂದು. ಅಲ್ಲಿ ಮೀನಿಗೆ ಗಾಳ ಹಾಕಿ ಕೂತಿದ್ದಾಗ ಎಡ್ವೀಜ್ ಸಸಿ ಹೇಗೆ ನೆಡುವುದೆಂದು ಕೇಳಿದಳು, ಹಾಗೆ ಶುರುವಾಯಿತು, ಅಷ್ಟೇ ಎಂದ. ಅವಳಿಗೆ ಏನೂ ಬರುತ್ತಿರಲಿಲ್ಲ ಎಂದ.

"ನಾವು ಇವತ್ತಿಗೂ ಒಬ್ಬರನ್ನೊಬ್ಬರು ನೀವು ಅಂತಾನೇ ಅನ್ನೋದು. ಬೇಕಿದ್ರೆ ಹೋಗಿ ಕೇಳು."

ಅದು ಅವನ ಮಟ್ಟಿಗೆ ದೊಡ್ಡ ಸಾಕ್ಷಿ. ಒಬ್ಬಳಿಗೆ ಅಡುಗೆ ಮಾಡಿ ಬಡಿಸುತ್ತಾ, ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಾ, ಅವಳು ತಿನ್ನುವುದನ್ನು ನೋಡುತ್ತಾ ಕೂತ ರೆಜಿಸ್‌ನನ್ನು ರೋಸ್‌ಲೀನ್ ಕಲ್ಪಿಸಿಕೊಂಡಳು. ಆ ರೆಜಿಸ್ ಅವಳಿಗೆ ಗೊತ್ತೇ ಇರಲಿಲ್ಲ. ಈ ಮನೆಯಲ್ಲಿ ಅವನು ಒಂದು ಬೆಳ್ಳುಳ್ಳಿ ಬಿಡಿಸಿದವನಲ್ಲ.

"ಡಬ್ಬಿ ಅಂತ ಯಾಕೆ ಹೇಳ್ದೆ?" ಎಂದು ಕೇಳಿದಳು. ಅವಳಿಗೆ ತಿಳಿಯಬೇಕಿದ್ದದ್ದು ಅದೊಂದೇ.

ಅವನು ಪೇಪರಿನ ಮೇಲಿನ ಕಾಯಿಗಳನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದ. ಮೊದಲು, ಬಾಯಿಗೆ ಬಂತು, ಹೇಳಿಬಿಟ್ಟೆ ಎಂದ. ಅವಳು ಕಾಯುತ್ತ ನಿಂತಳು. ಆಗ ಅವನು ತಲೆ ಎತ್ತದೆ ಹೇಳಿದ:

"ಇಷ್ಟೆಲ್ಲ ಹೇಗೆ ಗೊತ್ತು ನಿಮಗೆ ಅಂತ ಕೇಳಿದ್ಳು. ಹೆಂಡ್ತಿ ಮಾಡೋದು ನೋಡಿ ಕಲಿತೆ ಅಂದಿದ್ರೆ ಏನಾಗ್ತಿತ್ತು? ಓ, ನಿಮ್ಮ ಹೆಂಡ್ತಿನ ಕರ್ಕೊಂಡ್ ಬನ್ನಿ ಅಂತಿದ್ಳು. ನೀನು ಬಂದು ಆ ಒಲೆ ಮುಂದೆ ನಿಲ್ತಿದ್ದೆ. ನಾನು ಮತ್ತೆ ಮೇಜಿನ ಹತ್ರ."

"ಅದಕ್ಕೆ ನಿಮ್ಮಮ್ಮನಿಗೆ ಕೊಟ್ಟುಬಿಟ್ಟೆ."

"ಅಮ್ಮ ಸತ್ತಿದ್ದಾಳಲ್ಲ. ಅವಳು ಬರಲ್ಲ."

ಇದನ್ನು ಅವನು ಕ್ರೂರವಾಗಿ ಹೇಳಲಿಲ್ಲ, ಸತ್ಯ ಹೇಳುವವನ ಹಾಗೆ ಹೇಳಿದ. ಆಮೇಲೆ ಇನ್ನೂ ಸ್ವಲ್ಪ ಹೇಳಿದ. ಎಡ್ವೀಜ್ ತಿನ್ನುವಾಗ ಮಾತಾಡುತ್ತಾಳೆ, ಇದು ಹೀಗಿದೆ, ಅದು ಹಾಗಿದೆ ಎನ್ನುತ್ತಾಳೆ. ಕೇಳಲು ಚೆನ್ನಾಗಿರುತ್ತದೆ ಎಂದ. ರೋಸ್‌ಲೀನ್ ಕೇಳಿಸಿಕೊಂಡಳು. ಅವಳಿಗೂ ಕೇಳಲು ಚೆನ್ನಾಗಿರುತ್ತಿತ್ತು. ಅದನ್ನು ಅವಳು ಹೇಳಲಿಲ್ಲ. ಹೇಳಿದರೆ ಅವನು ಈಗ ಹೊಗಳುತ್ತಾನೆ, ಆ ಹೊಗಳಿಕೆಯನ್ನು ನಾಯಿಗೂ ಹಾಕಲಾಗುವುದಿಲ್ಲ.

ನಿನ್ನ ಹೊಟ್ಟೆಗೆ ಏನೂ ಆಗಿಲ್ಲ ಅಂದ ಹಾಗಾಯಿತು ಎಂದಷ್ಟೇ ಅಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಚಳಿಗಾಲದಿಂದ ಹೆದರಿ ಸಾಯುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಭಾನುವಾರ ಆ ಮನೆಯಲ್ಲಿ ಕೋಳಿ ಹುರಿಯುವ ದಿನ. ರೋಸ್‌ಲೀನ್ ಕೋಳಿ ತರಲಿಲ್ಲ, ಪೂಜೆಗೂ ಹೋಗಲಿಲ್ಲ. ಹತ್ತು ಗಂಟೆಗೆ ಬಟಾಣಿ ಬಿಡಿಸಲು ಕೂತಳು. ಎಸೆಯುವುದು ಅವಳಿಂದ ಆಗಲಿಲ್ಲ. ತಾಜಾ ಬಟಾಣಿಯ ತಪ್ಪೇನೂ ಇರಲಿಲ್ಲ. ಲೆಟ್ಯೂಸ್ ತೊಳೆದಳು. ಕೈ ತಾನಾಗಿ ದಾರದ ಉಂಡೆಯ ಕಡೆ ಹೋಯಿತು. ಅವಳು ಅದನ್ನು ಡ್ರಾಯರಿಗೆ ಹಾಕಿ, ಸೊಪ್ಪನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿದಳು, ಊರಿನವರೆಲ್ಲ ಹೆಚ್ಚುವ ಹಾಗೆ. ಬೆಣ್ಣೆ ಹಾಕುವಾಗ ಕೈ ಹಿಡಿಯಲಿಲ್ಲ. ಒಬ್ಬಳಿಗೆ ಬೇಕಾದಷ್ಟು ಮಾಡಿ, ಇಗರ್ಜಿಯ ಗಂಟೆ ಹೊಡೆಯುವ ಮೊದಲೇ, ಆ ಮೇಜಿನ ಮುಂದೆ ಒಬ್ಬಳೇ ಕೂತು ತಿಂದಳು. ಮನೆಯ ಒಡತಿ ಹನ್ನೆರಡಕ್ಕೆ ಮೊದಲು ಉಣ್ಣುವುದು ಶಾಂತ್ರೆಲ್‌ನಲ್ಲಿ ಯಾರೂ ಕಂಡರಿಯದ ಸಂಗತಿ. ರುಚಿ ಚೆನ್ನಾಗಿಯೇ ಇತ್ತು. ಈ ವರ್ಷ ತನ್ನ ಒಲೆಯ ಮೇಲೆ ಬೆಂದ ಮೊದಲ ಬಟಾಣಿ. ತಿಂದು, ತಟ್ಟೆ ತೊಳೆದು, ಪಾತ್ರೆ ತೊಳೆದು, ಎಲ್ಲವನ್ನೂ ಎಲ್ಲಿಂದ ತೆಗೆದಿದ್ದಳೋ ಅಲ್ಲಿಯೇ ಇಟ್ಟಳು.

ಗಂಟೆ ಹನ್ನೆರಡು ಹೊಡೆಯಿತು. ರೆಜಿಸ್ ಒಳಗೆ ಬಂದ. ಕೈ ತೊಳೆದ. ತನ್ನ ಕುರ್ಚಿಯಲ್ಲಿ ಕೂತ. ಮೇಜಿನ ಮೇಲೆ ಏನೂ ಇರಲಿಲ್ಲ. ಅವನು ಒಲೆಯ ಕಡೆ ನೋಡಿದ, ಅಲ್ಲೂ ಏನೂ ಇರಲಿಲ್ಲ.

"ನನ್ನ ಊಟ ಆಯ್ತು," ಎಂದಳು ರೋಸ್‌ಲೀನ್. "ನಿನಗೆ ಬೇಕಾದ್ದು ಮಾಡ್ಕೋ. ನಿನಗೆ ಬರತ್ತಲ್ಲ."

ಅವನು ಅವಳ ಮುಖ ನೋಡಿದ. ತಮಾಷೆ ಎಂದುಕೊಂಡನೋ, ಒಂದು ದಿನದ ಸಿಟ್ಟು ಎಂದುಕೊಂಡನೋ. ಆಮೇಲೆ ಎದ್ದ. ಮೊಟ್ಟೆಯ ಬುಟ್ಟಿ ಕಿಟಕಿಯ ಹತ್ತಿರ ಕಾಣುವಂತೆಯೇ ಇತ್ತು, ಅದನ್ನು ತಂದಿಟ್ಟುಕೊಂಡ. ಬಾಣಲೆಗೆಂದು ಒಲೆಯ ಕೆಳಗಿನ ಬಾಗಿಲು ತೆರೆದ, ಅಲ್ಲಿ ಬಟ್ಟೆಗಳಿದ್ದವು. ಪಕ್ಕದ್ದು ತೆರೆದ, ಗಾಜಿನ ಜಾಡಿಗಳು. ಮೇಲಿನದು ತೆರೆದ, ಮುಚ್ಚಿದ. ಪ್ರತಿದಿನ ಈ ಕೋಣೆಯಲ್ಲಿ ಕೂತು ಉಂಡವನು ಮೊದಲ ಸಲ ಬಂದ ನೆಂಟನ ಹಾಗೆ ನಡುವೆ ನಿಂತಿದ್ದ. ಕೊನೆಗೆ ಅವಳ ಕಡೆ ತಿರುಗಿ ಬಾಣಲೆ ಎಲ್ಲಿದೆ ಎಂದು ಕೇಳಿದ.

"ಅವಳ ಮನೇಲಿ ಎಲ್ಲಿರತ್ತೆ?"

"ಒಲೆ ಎಡಗಡೆ," ಎಂದ ರೆಜಿಸ್, "ಮೊಳೇಲಿ. ಚಿಕ್ಕದರ ಹಿಂದೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕೈಯಲ್ಲಿ ಮೊಟ್ಟೆ ಹಿಡಿದುಕೊಂಡೇ ನಿಂತ.

ರೋಸ್‌ಲೀನ್ ತಲೆಯಾಡಿಸಿದಳು. ಇಲ್ಲಿ ಎಲ್ಲಿರುತ್ತದೆ ಎಂದು ಅವಳು ಹೇಳಲಿಲ್ಲ.